ಅಳತೆಗೋಲು ಯಾರ ಕೈಯಲ್ಲಿ?

(ವಿದ್ಯಾರ್ಥಿಗಳು ಮತ್ತು ಗ್ರಾಮಸ್ಥರಿಗಾಗಿ ನಡೆದ ಪರಿಸರ ಅಧ್ಯಯನ ಶಿಬಿರದಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ಕಾಡು, ಹೊಳೆ, ಗುಡ್ಡಕುಸಿತಗಳ ಬಗ್ಗೆ ಚರ್ಚಿಸಲೆಂದು ಕೂಡಿದ ಈ ಶಿಬಿರದಲ್ಲಿ ನಗರಗಳ ಡಿಜಿಟಲ್ ಪ್ರಯೋಗಗಳ ಕುರಿತು ಮಾತನಾಡುವುದು ಕೆಲವರಿಗಾದರೂ ಅಪ್ರಸ್ತುತವೆನಿಸಬಹುದು. ಹಾಗೆನಿಸುವುದು ಸಹಜ. ಆದರೆ ಇಲ್ಲಿ ಕುಳಿತಿರುವ ವಿದ್ಯಾರ್ಥಿಗಳಲ್ಲಿ ಬಹಳಷ್ಟು ಮಂದಿ ಇನ್ನು ಮೂರು ನಾಲ್ಕು ವರ್ಷಗಳಲ್ಲಿ ಓದಿಗಾಗಿಯೋ ಉದ್ಯೋಗಕ್ಕಾಗಿಯೋ ನಗರವಾಸಿಗಳಾಗುವವರು. ಇನ್ನು ಊರಿನಲ್ಲೇ ಉಳಿಯುವವರ ಮಟ್ಟಿಗೆ ಹೇಳುವುದಾದರೆ, ನಗರವು ತನ್ನ ನೀರು, ವಿದ್ಯುತ್ತು, ರಸ್ತೆಗಳ ಬಗ್ಗೆ ತೆಗೆದುಕೊಳ್ಳುವ ತೀರ್ಮಾನಗಳು ಕೊನೆಗೆ ಬಂದು ನಿಲ್ಲುವುದು ನಮ್ಮ ಘಟ್ಟದ ನೆತ್ತಿಯ ಮೇಲೆಯೇ. ಆದುದರಿಂದ ನಗರ ಹೇಗೆ ಯೋಚಿಸುತ್ತದೆ, ಯಾರನ್ನು ಕೇಳಿ ಯೋಚಿಸುತ್ತದೆ ಎಂಬುದು ನಮ್ಮ ವಿಷಯವೂ ಹೌದು.

2015ರ ಜೂನ್ 25ರಂದು ಕೇಂದ್ರ ಸರ್ಕಾರ ‘ಸ್ಮಾರ್ಟ್ ಸಿಟಿ’ ಯೋಜನೆಗೆ ಚಾಲನೆ ನೀಡಿತು. ದೇಶದ 100 ನಗರಗಳು ಆಯ್ಕೆಯಾದವು. ಕರ್ನಾಟಕದಿಂದ ಬೆಳಗಾವಿ, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ತುಮಕೂರು, ಮಂಗಳೂರು, ಬೆಂಗಳೂರು ಹಾಗೂ ಮಲೆನಾಡಿನ ಹೆಬ್ಬಾಗಿಲೆನಿಸಿದ ಶಿವಮೊಗ್ಗ ಆ ಪಟ್ಟಿಯಲ್ಲಿದ್ದವು. 2025ರ ಮಾರ್ಚ್ 31ಕ್ಕೆ ಯೋಜನೆ ಮುಕ್ತಾಯಗೊಂಡಿತು. ನಗರಗಳು ತಮ್ಮ ಪ್ರಸ್ತಾವವನ್ನು ಜನರ ಅಭಿಪ್ರಾಯ ಪಡೆದು ಸಿದ್ಧಪಡಿಸಬೇಕೆಂದು ಮಾರ್ಗಸೂಚಿಯಲ್ಲಿ ಬರೆದಿತ್ತು. ಕೊನೆಗೆ ನೂರು ನಗರಗಳಲ್ಲಿ ಎದ್ದುನಿಂತದ್ದು ‘ಕಮಾಂಡ್ ಅಂಡ್ ಕಂಟ್ರೋಲ್ ಸೆಂಟರ್’ ಎಂಬ ಕೊಠಡಿ: ಗೋಡೆಯ ತುಂಬ ಪರದೆಗಳು, ಪರದೆಯ ತುಂಬ ಬೀದಿ ಕ್ಯಾಮೆರಾಗಳು ಕಳಿಸಿದ ಚಿತ್ರಗಳು. ಆಜ್ಞೆ ಮತ್ತು ನಿಯಂತ್ರಣ ಎಂಬುದು ಸೇನೆಯ ಪರಿಭಾಷೆ. ಊರನ್ನು ನಡೆಸುವ ಕೋಣೆಗೆ ಈ ಹೆಸರಿಟ್ಟವರು ಅದರ ಅರ್ಥವನ್ನು ಗಮನಿಸಿದ್ದರೋ ಇಲ್ಲವೋ, ಹೆಸರು ಮಾತ್ರ ಪ್ರಾಮಾಣಿಕವಾಗಿದೆ.

ಜನರ ಅಭಿಪ್ರಾಯ ಪಡೆಯುವುದು ಬೇರೆ, ಪ್ರಯೋಗದಲ್ಲಿ ಅವರನ್ನು ಪಾಲುದಾರರನ್ನಾಗಿ ಮಾಡಿಕೊಳ್ಳುವುದು ಬೇರೆ. ಮೊದಲನೆಯದರಲ್ಲಿ ಯೋಜನೆ ಸಿದ್ಧವಾಗಿಯೇ ಇರುತ್ತದೆ. ಜನ ಹೌದು ಅಥವಾ ಬೇಡ ಎನ್ನಬೇಕು, ಎಷ್ಟೋ ಸಲ ಹೌದು ಎನ್ನಲು ಮಾತ್ರ ಅವಕಾಶ. ಎರಡನೆಯದರಲ್ಲಿ ಹೊಸ ಸಾಧನವನ್ನು ಒಂದು ಬೀದಿಯಲ್ಲೋ ಒಂದು ಬಡಾವಣೆಯಲ್ಲೋ ಸಣ್ಣ ಪ್ರಮಾಣದಲ್ಲಿ ಹೂಡುತ್ತಾರೆ. ಅಲ್ಲಿನ ನಿವಾಸಿಗಳೇ ಅದನ್ನು ಬಳಸುತ್ತಾರೆ, ಅಳೆಯುತ್ತಾರೆ, ದೋಷ ಹುಡುಕುತ್ತಾರೆ, ಉಪಯೋಗವಿಲ್ಲವೆಂದು ಕಂಡರೆ ತೆಗೆದುಹಾಕಿ ಎನ್ನುತ್ತಾರೆ. ಭತ್ತದ ಹೊಸ ತಳಿಯನ್ನು ಇಡೀ ಗದ್ದೆಗೆ ಹಾಕದೆ ಮೂಲೆಯ ಒಂದು ಮಡಿಯಲ್ಲಿ ಬೆಳೆದು ನೋಡುವ ರೈತನಿಗೆ ಈ ಕ್ರಮವನ್ನು ಯಾರೂ ಕಲಿಸಬೇಕಾಗಿಲ್ಲ. ಕಳೆದ ಹದಿನೈದು ವರ್ಷಗಳಲ್ಲಿ ಹೊರದೇಶಗಳ ಹಲವು ನಗರಗಳಲ್ಲಿ ಇಂಥ ಪ್ರಯೋಗಗಳು ನಡೆದಿವೆ. ಅವುಗಳಲ್ಲಿ ಒಂದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಅದು ಗುಡ್ಡಗಳ ನಡುವಿನ ಊರಿನ ಕಥೆ.

ಜರ್ಮನಿಯ ನೈಋತ್ಯದಲ್ಲಿ ಸ್ಟುಟ್‌ಗಾರ್ಟ್ ಎಂಬ ನಗರವಿದೆ. ಮರ್ಸಿಡಿಸ್ ಮತ್ತು ಪೋರ್ಶೆ ಕಾರುಗಳ ತವರು ಅದು. ನಗರದ ನಡುಭಾಗ ಬೋಗುಣಿಯಂಥ ತಗ್ಗಿನಲ್ಲಿದೆ. ಸುತ್ತ ಗುಡ್ಡಗಳು, ಅವುಗಳ ಇಳಿಜಾರಿನಲ್ಲಿ ದ್ರಾಕ್ಷಿ ತೋಟಗಳು. ಗಾಳಿ ಸರಾಗವಾಗಿ ಹಾಯದ ಈ ತಗ್ಗಿನಲ್ಲಿ ವಾಹನಗಳ ಹೊಗೆ, ಧೂಳು ನಿಂತುಬಿಡುತ್ತವೆ. ಅಲ್ಲಿನ ನೆಕಾರ್‌ಟೋರ್ ಎಂಬ ರಸ್ತೆಯಂತೂ ವರ್ಷಗಟ್ಟಲೆ ಕೆಟ್ಟ ಗಾಳಿಗೆ ಜರ್ಮನಿಯಾದ್ಯಂತ ಹೆಸರಾಗಿತ್ತು. ಐರೋಪ್ಯ ಒಕ್ಕೂಟದಲ್ಲಿ ಆಗ ಇದ್ದ ನಿಯಮದಂತೆ ಸೂಕ್ಷ್ಮ ಧೂಳಿನ ದಿನದ ಸರಾಸರಿ ಘನಮೀಟರಿಗೆ 50 ಮೈಕ್ರೋಗ್ರಾಂ ಮೀರುವ ದಿನಗಳು ವರ್ಷಕ್ಕೆ 35ಕ್ಕಿಂತ ಹೆಚ್ಚಿರಬಾರದು. ಆ ರಸ್ತೆ ಈ ಮಿತಿಯನ್ನು ಪದೇ ಪದೇ ದಾಟುತ್ತಿತ್ತು. 2016ರ ಜನವರಿಯಿಂದ ನಗರಾಡಳಿತವು ‘ಧೂಳಿನ ಎಚ್ಚರಿಕೆ’ಯ ದಿನಗಳನ್ನು ಘೋಷಿಸಿ, ಕಾರು ಬಿಟ್ಟು ರೈಲು, ಬಸ್ಸುಗಳಲ್ಲಿ ಓಡಾಡಿರೆಂದು ಜನರನ್ನು ವಿನಂತಿಸತೊಡಗಿತು.

ಸರ್ಕಾರದ ಮಾಪನ ಕೇಂದ್ರಗಳು ನಿಖರವಾದವು, ಆದರೆ ಬೆರಳೆಣಿಕೆಯವು. ನನ್ನ ಮಗು ಆಡುವ ಅಂಗಳದಲ್ಲಿ ಗಾಳಿ ಹೇಗಿದೆ ಎಂದು ಕೇಳಿದ ತಾಯಿಗೆ ಅಲ್ಲಿ ಉತ್ತರವಿರಲಿಲ್ಲ. 2015ರಲ್ಲಿ ಓಕೆ ಲ್ಯಾಬ್ ಎಂಬ ಸ್ವಯಂಸೇವಕ ತಂತ್ರಜ್ಞರ ಬಳಗವೊಂದು ಈ ಪ್ರಶ್ನೆಯನ್ನು ಕೈಗೆತ್ತಿಕೊಂಡು, ಯಾರು ಬೇಕಾದರೂ ಮನೆಯಲ್ಲೇ ಜೋಡಿಸಬಹುದಾದ ಉಪಕರಣವನ್ನು ರೂಪಿಸಿತು. ಬೆಲೆ ಸುಮಾರು 30 ಯೂರೋ. ಅದರ ರಚನೆ ಕೇಳಿದರೆ ನಮ್ಮೂರಿನ ನಲ್ಲಿ ರಿಪೇರಿಯವರೂ ನಗಬಹುದು. ಚರಂಡಿಗೆ ಬಳಸುವ ಪ್ಲಾಸ್ಟಿಕ್ ಪೈಪಿನ ಎರಡು ಬೆಂಡುಗಳನ್ನು ಒಂದಕ್ಕೊಂದು ಸಿಕ್ಕಿಸಿ, ಬಾಯಿ ಕೆಳಗಾಗುವಂತೆ ನೇತುಹಾಕುವುದು. ಮಳೆನೀರು ಒಳಬಾರದು, ಗಾಳಿ ಬರಬೇಕು. ಒಳಗೆ ಬೆಂಕಿಪೆಟ್ಟಿಗೆಗಿಂತ ತುಸು ದೊಡ್ಡದಾದ ಸೆನ್ಸರ್. ಪುಟ್ಟ ಫ್ಯಾನು ಗಾಳಿಯನ್ನು ಎಳೆದುಕೊಳ್ಳುತ್ತದೆ, ಆ ಗಾಳಿಯ ಮೇಲೆ ಲೇಸರ್ ಕಿರಣ ಬೀಳುತ್ತದೆ, ಕಣಗಳಿಗೆ ತಾಗಿ ಚದುರಿದ ಬೆಳಕನ್ನು ಅಳೆದು ಧೂಳಿನ ಪ್ರಮಾಣವನ್ನು ಅಂದಾಜಿಸಲಾಗುತ್ತದೆ. ಹೆಂಚಿನ ಸಂದಿಯಿಂದ ಇಳಿದ ಬಿಸಿಲುಕೋಲಿನಲ್ಲಿ ಅಡಿಗೆಮನೆಯ ಧೂಳು ಕಾಣುತ್ತದಲ್ಲ, ತತ್ತ್ವ ಅದೇ. ಅಳತೆ ಕೆಲವು ನಿಮಿಷಗಳಿಗೊಮ್ಮೆ ಮನೆಯ ಇಂಟರ್ನೆಟ್ ಮೂಲಕ ಒಂದು ಸಾರ್ವಜನಿಕ ನಕ್ಷೆಗೆ ಹೋಗುತ್ತದೆ, ಯಾರು ಬೇಕಾದರೂ ನೋಡಬಹುದು. ಕೆಲವೇ ವರ್ಷಗಳಲ್ಲಿ ಈ ಉಪಕರಣಗಳು ಸ್ಟುಟ್‌ಗಾರ್ಟ್ ದಾಟಿ ಹತ್ತಾರು ದೇಶಗಳ ಬಾಲ್ಕನಿಗಳಲ್ಲಿ ನೇತಾಡತೊಡಗಿದವು.

ಇಲ್ಲಿಂದ ಮುಂದೆ ನಡೆದದ್ದೇ ಮುಖ್ಯ. ಆ ರಾಜ್ಯದ ಪರಿಸರ ಸಂಸ್ಥೆಯು ಈ ಅಗ್ಗದ ಸೆನ್ಸರನ್ನು ತನ್ನ ದುಬಾರಿ ಯಂತ್ರದ ಪಕ್ಕದಲ್ಲಿಟ್ಟು ಪರೀಕ್ಷಿಸಿತು. ಒಣ ಹವೆಯಲ್ಲಿ ಎರಡೂ ಸಾಕಷ್ಟು ಹೊಂದಿಕೊಂಡವು. ಗಾಳಿಯಲ್ಲಿ ತೇವಾಂಶ ಹೆಚ್ಚಿದಾಗ ಮಾತ್ರ ಅಗ್ಗದ ಸೆನ್ಸರ್ ದಾರಿ ತಪ್ಪಿತು. ಧೂಳಿನ ಕಣಗಳು ನೀರನ್ನು ಹೀರಿ ಉಬ್ಬುತ್ತವೆ, ಮಂಜಿನ ಹನಿಗಳೂ ಬೆಳಕನ್ನು ಚದುರಿಸುತ್ತವೆ. ಸೆನ್ಸರಿಗೆ ಹನಿ ಯಾವುದು, ಧೂಳು ಯಾವುದು ಎಂಬ ವಿವೇಚನೆಯಿಲ್ಲ. ನಮ್ಮ ಆಗುಂಬೆಯಲ್ಲಿ ಆಷಾಢದ ಒಂದು ಬೆಳಿಗ್ಗೆ ಇದನ್ನು ನೇತುಹಾಕಿದರೆ, ಜಗತ್ತಿನ ಅತಿ ಮಲಿನ ಊರು ಇದೇ ಎಂದು ಅದು ವರದಿ ಕಳಿಸೀತು! ವಿದ್ಯಾರ್ಥಿಗಳು ಇದನ್ನು ನೆನಪಿಡಬೇಕು. ನಾಳೆ ಯಾರೋ ಒಂದು ಪೆಟ್ಟಿಗೆ ತಂದು, ಇದು ಅಂಕಿಯನ್ನೇ ಹೇಳುತ್ತಿದೆಯಲ್ಲ, ಇನ್ನೇನು ಬೇಕು ಎಂದರೆ, ಆ ಅಂಕಿ ಯಾವ ಹವೆಯಲ್ಲಿ, ಯಾವ ಯಂತ್ರದೊಡನೆ ತಾಳೆ ನೋಡಿದ್ದು ಎಂದು ಕೇಳುವವರು ನೀವಾಗಬೇಕು. ಸ್ಟುಟ್‌ಗಾರ್ಟಿನಲ್ಲಿ ಈ ದೋಷ ಮುಚ್ಚಿಹೋಗಲಿಲ್ಲ, ಏಕೆಂದರೆ ಉಪಕರಣದ ನಕ್ಷೆ, ತಂತ್ರಾಂಶ, ದತ್ತಾಂಶ ಎಲ್ಲವೂ ಬಹಿರಂಗವಾಗಿದ್ದವು. ದೋಷವೂ ಎಲ್ಲರ ಸ್ವತ್ತಾಯಿತು.

ಹಾಗೆಂದು ಈ ಉಪಕರಣಗಳೇ ಆ ನಗರದ ಗಾಳಿಯನ್ನು ಶುದ್ಧಗೊಳಿಸಿದವೆಂದು ಯಾರಾದರೂ ಹೇಳಿದರೆ ನಂಬಬೇಡಿ. 2019ರ ಜನವರಿಯಿಂದ ಸ್ಟುಟ್‌ಗಾರ್ಟಿನಲ್ಲಿ ಹಳೆಯ ಡೀಸೆಲ್ ಕಾರುಗಳಿಗೆ ನಿಷೇಧ ಬಂತು. ಅದಕ್ಕೆ ಹಿನ್ನೆಲೆಯಾದದ್ದು ಪರಿಸರ ಸಂಘಟನೆಯೊಂದು ವರ್ಷಗಳ ಕಾಲ ನಡೆಸಿದ ಮೊಕದ್ದಮೆ ಮತ್ತು 2018ರ ಫೆಬ್ರವರಿ 27ರಂದು ಅಲ್ಲಿನ ಉನ್ನತ ಆಡಳಿತ ನ್ಯಾಯಾಲಯ ನೀಡಿದ ತೀರ್ಪು. ಅಲ್ಲಿ ಸಾಕ್ಷಿಯಾದದ್ದು ಸರ್ಕಾರಿ ಕೇಂದ್ರಗಳ ನೈಟ್ರೋಜನ್ ಡೈಆಕ್ಸೈಡ್ ಅಳತೆ. ಬಾಲ್ಕನಿಯ ಸೆನ್ಸರ್ ಆ ಅನಿಲವನ್ನು ಅಳೆಯುವುದೇ ಇಲ್ಲ. ಜನರ ಅಳತೆ ಮಾಡಿದ್ದು ಬೇರೆ ಕೆಲಸ. ಗಾಳಿಯ ಮಾತು ಕಚೇರಿಯ ಕಡತದಿಂದ ಹೊರಬಂದು ಊಟದ ಮೇಜಿಗೆ, ಶಾಲೆಯ ತರಗತಿಗೆ ಬಂತು.

ಜನರ ಅಳತೆಗೆ ಅಧಿಕೃತ ತೂಕವೂ ದೊರೆಯಬಹುದು ಎನ್ನುವುದಕ್ಕೆ ಬೆಲ್ಜಿಯಂ ದೇಶ ಉದಾಹರಣೆ. 2016ರಲ್ಲಿ ಆಂಟ್ವೆರ್ಪ್ ನಗರದ 2,000 ಮಂದಿ ತಮ್ಮ ಬೀದಿಯ ಗಾಳಿಯನ್ನು ಅಳೆದರು. 2018ರ ಮೇ ತಿಂಗಳಲ್ಲಿ ಫ್ಲಾಂಡರ್ಸ್ ಪ್ರಾಂತದಾದ್ಯಂತ 20,000 ಮಂದಿ ಅದೇ ಕೆಲಸ ಮಾಡಿದರು. ವಿಶ್ವವಿದ್ಯಾಲಯ, ಒಂದು ದಿನಪತ್ರಿಕೆ, ಸರ್ಕಾರದ ಪರಿಸರ ಸಂಸ್ಥೆ ಮೂರೂ ಕೈಜೋಡಿಸಿದ್ದವು. ಅಲ್ಲಿ ಬಳಸಿದ್ದು ಸೆನ್ಸರ್ ಕೂಡ ಅಲ್ಲ. ಕಿಟಕಿಗೆ ಕಟ್ಟಿದ ಸಣ್ಣ ಕೊಳವೆ, ಅನಿಲವನ್ನು ಹೀರಿಕೊಂಡು ನಾಲ್ಕು ವಾರಗಳ ನಂತರ ಪ್ರಯೋಗಾಲಯಕ್ಕೆ ಹೋಗುವಂಥದ್ದು. ಡಿಜಿಟಲ್ ಆದದ್ದು ಆಮೇಲಿನ ಲೆಕ್ಕ ಮತ್ತು ನಕ್ಷೆ. ಕೆಲವು ಕೊಳವೆಗಳನ್ನು ಸರ್ಕಾರಿ ಕೇಂದ್ರಗಳ ಪಕ್ಕದಲ್ಲೇ ಇಟ್ಟು ತಾಳೆ ನೋಡಿದ್ದರಿಂದ ಫಲಿತಾಂಶವನ್ನು ಯಾರೂ ಸುಲಭವಾಗಿ ತಳ್ಳಿಹಾಕುವಂತಿರಲಿಲ್ಲ. ಎರಡೂ ಬದಿಗೆ ಎತ್ತರದ ಕಟ್ಟಡಗಳಿರುವ ಇಕ್ಕಟ್ಟು ಬೀದಿಗಳಲ್ಲಿ ವಿಷಗಾಳಿ ಸಿಕ್ಕಿಕೊಳ್ಳುತ್ತದೆ ಎಂಬುದು ಮನೆಮನೆಯ ಅಂಕಿಗಳಿಂದ ಕಣ್ಣಿಗೆ ಕಟ್ಟಿತು.

ಇನ್ನು ಅಮೆರಿಕದ ಬಾಸ್ಟನ್. ಅಲ್ಲಿನ ಮೇಯರ್ ಕಚೇರಿ 2012ರಲ್ಲಿ ರಸ್ತೆಗುಂಡಿಗಳನ್ನು ಪತ್ತೆಹಚ್ಚುವ ಒಂದು ಆ್ಯಪ್ ಹೊರತಂದಿತು. ಮೊಬೈಲನ್ನು ಕಾರಿನಲ್ಲಿಟ್ಟು ಓಡಿಸಿದರೆ ಸಾಕು, ಕಾರು ಕುಲುಕಿದಾಗ ಫೋನಿನೊಳಗಿನ ಸೆನ್ಸರ್ ಅದನ್ನು ಗ್ರಹಿಸಿ ಸ್ಥಳವನ್ನು ಪಾಲಿಕೆಗೆ ತಿಳಿಸುತ್ತದೆ. ಯೋಚನೆ ಸೊಗಸಾಗಿತ್ತು. ಆದರೆ ಆಗ ಸ್ಮಾರ್ಟ್‌ಫೋನ್ ಇದ್ದದ್ದು ಹೆಚ್ಚಾಗಿ ಹಣವುಳ್ಳವರ, ಯುವಕರ ಕೈಯಲ್ಲಿ. ಬಡವರ ಮತ್ತು ವೃದ್ಧರ ಬಡಾವಣೆಯಲ್ಲಿ ಗುಂಡಿ ಇದ್ದರೂ ಫೋನು ಕುಲುಕುವುದಿಲ್ಲ. ಆ ನಕ್ಷೆಯನ್ನೇ ನಂಬಿದರೆ ಅಲ್ಲಿ ಗುಂಡಿಯೇ ಇಲ್ಲ. ಸಂಶೋಧಕಿ ಕೇಟ್ ಕ್ರಾಫರ್ಡ್ 2013ರಲ್ಲಿ ಈ ಉದಾಹರಣೆಯನ್ನು ಎತ್ತಿ ತೋರಿಸಿದರು. ಬಾಸ್ಟನ್ನಿನವರಿಗೂ ಈ ಅಪಾಯದ ಅರಿವಿತ್ತು. ಅದಕ್ಕೆಂದೇ ಅವರು ಆ್ಯಪನ್ನು ಮೊದಲು ಕೊಟ್ಟದ್ದು ಊರಿನ ಎಲ್ಲ ಭಾಗಗಳಲ್ಲೂ ಓಡಾಡುವ ಪಾಲಿಕೆಯ ನೌಕರರಿಗೆ. ಪರೀಕ್ಷೆಯಿಂದ ಇನ್ನೊಂದು ಸಂಗತಿಯೂ ಹೊರಬಿತ್ತು: ಕಾರುಗಳನ್ನು ಹೆಚ್ಚು ಕುಲುಕಿಸುತ್ತಿದ್ದದ್ದು ಗುಂಡಿಗಳಿಗಿಂತ ರಸ್ತೆಯ ಮಟ್ಟಕ್ಕಿಂತ ಕುಸಿದ ಮ್ಯಾನ್‌ಹೋಲ್ ಮುಚ್ಚಳಗಳು. ಅವನ್ನು ಸರಿಪಡಿಸಬೇಕಾದವರು ನೀರು, ಅನಿಲ, ವಿದ್ಯುತ್ ಸಂಸ್ಥೆಗಳು.

ನಮ್ಮ ಹಳ್ಳಿಗಳ ಮಟ್ಟಿಗೆ ಈ ಪಾಠ ಇನ್ನೂ ಕಟುವಾದದ್ದು. ಸಿಗ್ನಲ್ ಸಿಗದ ಕಣಿವೆಯ ಮನೆ ಯಾವ ನಕ್ಷೆಯಲ್ಲಿ ಬರುತ್ತದೆ?

ಮುಂದಿನದು ಸೋತ ಪ್ರಯೋಗ. 2017ರ ಅಕ್ಟೋಬರಿನಲ್ಲಿ ಗೂಗಲ್‌ನ ಸೋದರ ಸಂಸ್ಥೆ ಸೈಡ್‌ವಾಕ್ ಲ್ಯಾಬ್ಸ್, ಕೆನಡಾದ ಟೊರಾಂಟೊ ನಗರದ ಸರೋವರದ ದಂಡೆಯಲ್ಲಿ 12 ಎಕರೆ ಜಾಗವನ್ನು ಭವಿಷ್ಯದ ಬಡಾವಣೆಯನ್ನಾಗಿ ರೂಪಿಸುತ್ತೇವೆಂದು ಘೋಷಿಸಿತು. ಮರದ ಬಹುಮಹಡಿ ಕಟ್ಟಡಗಳು, ತಾನೇ ಬೆಚ್ಚಗಾಗಿ ಹಿಮ ಕರಗಿಸುವ ಕಾಲುದಾರಿ, ಎಲ್ಲೆಲ್ಲೂ ಸೆನ್ಸರುಗಳು. ಸಾರ್ವಜನಿಕ ಸಭೆಗಳು ಬಹಳ ನಡೆದವು. ಆದರೆ ಜನ ಕೇಳಿದ ಮೊದಲ ಪ್ರಶ್ನೆಗೆ, ಅಂದರೆ ದಾರಿಯಲ್ಲಿ ನಡೆದುಹೋಗುವವನ ಮಾಹಿತಿ ಯಾರ ಸ್ವತ್ತು ಎಂಬುದಕ್ಕೆ, ತೃಪ್ತಿಕರ ಉತ್ತರ ಬರಲಿಲ್ಲ. ಸಲಹೆಗಾರರಾಗಿದ್ದ ಆನ್ ಕವೂಕಿಯನ್, ಒಂಟಾರಿಯೋ ಪ್ರಾಂತದ ಮಾಜಿ ಖಾಸಗಿತನ ಆಯುಕ್ತೆ, 2018ರ ಅಕ್ಟೋಬರಿನಲ್ಲಿ ರಾಜೀನಾಮೆ ನೀಡಿದರು. ಸಂಗ್ರಹಿಸಿದ ಸ್ಥಳದಲ್ಲೇ ವ್ಯಕ್ತಿಯ ಗುರುತನ್ನು ಅಳಿಸಬೇಕು ಎಂಬ ಅವರ ಷರತ್ತನ್ನು ಎಲ್ಲ ಕಂಪನಿಗಳಿಗೂ ಅನ್ವಯಿಸಲು ಸಂಸ್ಥೆ ಒಪ್ಪಿರಲಿಲ್ಲ. 2019ರ ಜೂನಿನಲ್ಲಿ ಸಾವಿರದೈನೂರಕ್ಕೂ ಹೆಚ್ಚು ಪುಟಗಳ ಯೋಜನೆ ಹೊರಬಂತು; ಅದರಲ್ಲಿ 12 ಎಕರೆಗೆ ಬದಲಾಗಿ 190 ಎಕರೆಯ ಕನಸಿತ್ತು. ನಮಗಿದು ಪರಿಚಿತ ನಡೆ. ಸಣ್ಣ ಸರ್ವೆಗೆಂದು ಬಂದವರು ಇಡೀ ಕಣಿವೆಯ ನಕ್ಷೆ ಹಿಡಿದು ಮರಳುವುದನ್ನು ಮಲೆನಾಡು ಎಷ್ಟು ಸಲ ಕಂಡಿಲ್ಲ! ನಾಗರಿಕರು ಸಂಘಟಿತರಾಗಿ ವಿರೋಧಿಸಿದರು, ನಾಗರಿಕ ಹಕ್ಕುಗಳ ಸಂಘ ನ್ಯಾಯಾಲಯಕ್ಕೆ ಹೋಯಿತು. 2020ರ ಮೇ 7ರಂದು ಸಂಸ್ಥೆ ಹಿಂದೆ ಸರಿಯಿತು. ಕೊರೊನಾ ಕಾಲದ ಆರ್ಥಿಕ ಅನಿಶ್ಚಿತತೆಯೇ ಕಾರಣವೆಂದು ಅದು ಹೇಳಿಕೊಂಡಿತು. ಅಲ್ಲಿನ ಜನ ತಂತ್ರಜ್ಞಾನ ವಿರೋಧಿಗಳಾಗಿರಲಿಲ್ಲ. ಅವರಲ್ಲಿ ಎಷ್ಟೋ ಮಂದಿ ತಂತ್ರಜ್ಞರೇ. ತಮ್ಮನ್ನು ಪ್ರಯೋಗದ ಪಾಲುದಾರರೆಂದು ಕರೆದು ಪ್ರಯೋಗದ ವಸ್ತುವಾಗಿಸುತ್ತಿದ್ದಾರೆ ಎಂಬುದು ಅವರ ಆಕ್ಷೇಪವಾಗಿತ್ತು.

ಬಾರ್ಸಿಲೋನಾದ ಒಂದು ಸಣ್ಣ ಚೌಕದ ಕಥೆಯನ್ನೂ ಹೇಳದೆ ಮುಂದೆ ಹೋಗಲಾರೆ. ಪ್ಲಾಸಾ ದೆಲ್ ಸೋಲ್ ಎಂಬ ಆ ಚೌಕದಲ್ಲಿ ರಾತ್ರಿಯೆಲ್ಲ ಜನರ ಗದ್ದಲ. 2016-17ರಲ್ಲಿ ಸುತ್ತಲ ನಿವಾಸಿಗಳು ತಮ್ಮ ಬಾಲ್ಕನಿಗಳಲ್ಲಿ ಶಬ್ದಮಾಪಕಗಳನ್ನಿಟ್ಟು, ರಾತ್ರಿಯ ಸದ್ದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯನ್ನು ಮೀರುತ್ತಿದೆಯೆಂದು ತೋರಿಸಿಕೊಟ್ಟರು. ಕಸದ ವಾಹನದ ವೇಳೆ ಬದಲಾಯಿತು, ಮೆಟ್ಟಿಲುಗಳ ಮೇಲೆ ಗಿಡಗಳು ಬಂದವು. ಮಲಗುವವರಿಗೆ ನ್ಯಾಯ ಸಿಕ್ಕಿತು, ಸರಿ. ಹಣ ತೆರದೆ ಕುಳಿತುಕೊಳ್ಳಲು ಆ ಮೆಟ್ಟಿಲುಗಳನ್ನು ಬಿಟ್ಟರೆ ಬೇರೆ ಸ್ಥಳವಿಲ್ಲದ ಯುವಕರ ಕಷ್ಟವನ್ನು ಅಳೆಯುವ ಮಾಪಕ ಮಾತ್ರ ಯಾರ ಬಾಲ್ಕನಿಯಲ್ಲೂ ಇರಲಿಲ್ಲ. ಏನನ್ನು ಅಳೆಯಬೇಕು ಎಂದು ತೀರ್ಮಾನಿಸುವವರ ಕೈಯಲ್ಲೇ ಉತ್ತರದ ಅರ್ಧಭಾಗ ಇರುತ್ತದೆ.

ಈಗ ನಮ್ಮ ರಾಜಧಾನಿಗೆ ಬರೋಣ. ಮಾಹಿತಿ ತಂತ್ರಜ್ಞಾನದಲ್ಲಿ ಬೆಂಗಳೂರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಗುಂಡಿಗೆ, ಕಸಕ್ಕೆ, ಬಸ್ಸಿಗೆ, ಎಲ್ಲಕ್ಕೂ ಆ್ಯಪುಗಳಿವೆ. ಆದರೆ ಆ್ಯಪ್ ಕಳಿಸಿದ ದೂರು ಯಾರ ಮೇಜಿಗೆ ಹೋಗುತ್ತದೆ? 2020ರ ಸೆಪ್ಟೆಂಬರಿನಲ್ಲಿ ಪಾಲಿಕೆ ಸದಸ್ಯರ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಅಲ್ಲಿ ಚುನಾವಣೆಯೇ ನಡೆಯಲಿಲ್ಲ. ಬಾಸ್ಟನ್ನಿನ ಗುಂಡಿಯ ಲೆಕ್ಕ ಜನ ಆರಿಸಿದ ಮೇಯರನ ಮುಂದೆ ಬರುತ್ತದೆ. ಗುಂಡಿ ಮುಚ್ಚದಿದ್ದರೆ ಅವನು ಮತ ಕೇಳಲು ಅದೇ ಬೀದಿಗೆ ಬರಬೇಕು. ಈ ಒಂದು ವಿಷಯದಲ್ಲಿ ನಮ್ಮ ಗ್ರಾಮಸಭೆ, ಅದೆಷ್ಟೇ ಕಾಟಾಚಾರಕ್ಕೆ ನಡೆದರೂ, ಆ ಮಹಾನಗರಕ್ಕಿಂತ ಮುಂದಿತ್ತು.

ಬೆಂಗಳೂರು ಕುಡಿಯುವ ಕಾವೇರಿ ಹುಟ್ಟುವುದು ಕೊಡಗಿನ ಗುಡ್ಡದಲ್ಲಿ. ಆ ನೀರನ್ನು ಸುಮಾರು 100 ಕಿಲೋಮೀಟರ್ ದೂರದಿಂದ, ಹಂತಹಂತವಾಗಿ ಪಂಪು ಮಾಡಿ ಮೇಲೆತ್ತಿ ತರಬೇಕು. 2024ರ ಅಕ್ಟೋಬರ್ 16ರಂದು ಉದ್ಘಾಟನೆಗೊಂಡ ಐದನೇ ಹಂತ ದಿನಕ್ಕೆ ಇನ್ನೂ 77.5 ಕೋಟಿ ಲೀಟರ್ ತರುವ ಯೋಜನೆ. ಅದಕ್ಕೂ ಮುಂಚೆ, 2019ರ ಜೂನಿನಲ್ಲಿ, ಲಿಂಗನಮಕ್ಕಿಯ ಶರಾವತಿ ನೀರನ್ನೂ ಬೆಂಗಳೂರಿಗೆ ಒಯ್ಯುವ ಮಾತು ಬಂತು. ಆ ವರ್ಷದ ಜುಲೈ 10ರಂದು ಶಿವಮೊಗ್ಗ ಜಿಲ್ಲೆ ಬಂದ್ ಆದದ್ದು ಇಲ್ಲಿರುವ ಹಿರಿಯರಿಗೆ ಗೊತ್ತು; ಅಂದು ಮನೆಯಲ್ಲಿ ಕೂತವರು ಈ ಸಭೆಯಲ್ಲಿ ಬಹಳ ಇರಲಾರರು. ಆಗ ನಾವು ‘ಕೊಡುವುದಿಲ್ಲ’ ಎಂದೆವು. ಸರಿಯಾಗಿಯೇ ಹೇಳಿದೆವು. ಅದರ ಜೊತೆಗೆ ಕೇಳಬೇಕಾದ ಇನ್ನೊಂದು ಪ್ರಶ್ನೆಯಿದೆ: ಈಗಾಗಲೇ ಹೋಗುತ್ತಿರುವ ನೀರು ಎಲ್ಲಿಗೆ ಹೋಗುತ್ತಿದೆ?

ಬೆಂಗಳೂರಿನ ಕೊಳವೆಗಳಲ್ಲಿ ಲೆಕ್ಕಕ್ಕೆ ಸಿಗದೆ ಹೋಗುವ ನೀರು ಕಡಿಮೆಯದಲ್ಲ. ಒಂದು ಕಾಲದಲ್ಲಿ ಅದು ಅರ್ಧದ ಸಮೀಪವಿತ್ತು. ಸೋರಿಕೆಯನ್ನು ಪತ್ತೆಹಚ್ಚುವ ಡಿಜಿಟಲ್ ವಿಧಾನ ಸರಳವಾದದ್ದು. ಒಂದು ಬಡಾವಣೆಗೆ ನೀರು ಪ್ರವೇಶಿಸುವ ಕಡೆ ದೊಡ್ಡ ಮೀಟರ್. ಒಳಗೆ ಮನೆಮನೆಗೆ ಸಣ್ಣ ಮೀಟರ್. ಮನೆಗಳ ಮೊತ್ತವನ್ನು ದೊಡ್ಡ ಮೀಟರಿನ ಅಂಕಿಯಿಂದ ಕಳೆದರೆ ಉಳಿಯುವುದು ಸೋರಿದ್ದು ಅಥವಾ ಕದ್ದದ್ದು. ದಿನವಿಡೀ ನೀರು ಬರುವ ನಗರಗಳಲ್ಲಿ ಎಲ್ಲರೂ ಮಲಗಿದ ನಡುರಾತ್ರಿಯ ಹರಿವನ್ನು ನೋಡಿಯೇ ಸೋರಿಕೆಯನ್ನು ಊಹಿಸುತ್ತಾರೆ. ಬೆಂಗಳೂರಿನಲ್ಲಿ ನೀರು ಬರುವುದು ಗೊತ್ತಾದ ಹೊತ್ತಿನಲ್ಲಿ, ಬಂದದ್ದು ಸಂಪಿಗೆ ತುಂಬಿಕೊಳ್ಳುತ್ತದೆ. ಆದ್ದರಿಂದ ಅಲ್ಲಿ ರಾತ್ರಿಯ ಲೆಕ್ಕ ಕೆಲಸಕ್ಕೆ ಬಾರದು, ನೀರು ಬಿಡುವ ಮೊದಲು ಮತ್ತು ನಿಲ್ಲಿಸಿದ ನಂತರ ಮೀಟರ್ ಓದಬೇಕು. ಇದಕ್ಕೆ ಕೋಟಿಗಟ್ಟಲೆಯ ಟೆಂಡರ್ ಬೇಡ. ಒಂದು ಬಡಾವಣೆಯ ಇನ್ನೂರು ಮನೆಯವರು ಒಂದು ತಿಂಗಳು, ನೀರು ಬಂದ ದಿನ ಎರಡು ಬಾರಿ ತಮ್ಮ ಮೀಟರಿನ ಫೋಟೋ ತೆಗೆದು ಒಂದೆಡೆ ಸೇರಿಸಿದರೆ ಸಾಕು. ಮನೆಯ ಸಂಖ್ಯೆ ಬಹಿರಂಗವಾಗಬೇಕಿಲ್ಲ, ಮೊತ್ತವಷ್ಟೇ ಸಾಕು. ಫೋನಿಲ್ಲದ ಮನೆಗೆ ಪಕ್ಕದ ಮನೆಯ ಹುಡುಗ ಚೀಟಿ ಹಿಡಿದು ಹೋಗಲಿ. ಜನರ ಕೈಯಲ್ಲಿಲ್ಲದ ಅಂಕಿ ಒಂದೇ: ದೊಡ್ಡ ಮೀಟರಿನದು. ಅದನ್ನು ಜಲಮಂಡಳಿ ಕೊಡಬೇಕು.

ಅದನ್ನು ಕೇಳುವ ಹಕ್ಕು ಬೆಂಗಳೂರಿನವರಿಗೆ ಮಾತ್ರವಲ್ಲ, ನಮಗೂ ಇದೆ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಭಾರತದ ಯಾವ ಪ್ರಜೆಯಾದರೂ 10 ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕಬಹುದು. 30 ದಿನಗಳೊಳಗೆ ಉತ್ತರ ಬರಬೇಕು. ಅರ್ಜಿಯಲ್ಲಿ ಬಡಾವಣೆಯ ಹೆಸರು, ಒಳಬರುವ ಮುಖ್ಯ ಮೀಟರ್ ಇದೆಯೇ ಇಲ್ಲವೇ, ಇದ್ದರೆ ಕಳೆದ ಆರು ತಿಂಗಳ ಓದು, ಅದೇ ಅವಧಿಯಲ್ಲಿ ಮನೆಗಳಿಗೆ ಬಿಲ್ ಮಾಡಿದ ಒಟ್ಟು ಲೀಟರ್ ಎಂದು ಸ್ಪಷ್ಟವಾಗಿ ಕೇಳಬೇಕು. ಊಟದ ನಂತರ ಕುಳಿತು ಇದರ ಕರಡನ್ನು ಬರೆಯೋಣ. ಬೆಂಗಳೂರಿನಲ್ಲಿ ಅಣ್ಣನೋ ಅಕ್ಕನೋ ಚಿಕ್ಕಪ್ಪನೋ ಇರುವ ವಿದ್ಯಾರ್ಥಿಗಳು ಅವರ ಬಡಾವಣೆಯ ಹೆಸರನ್ನೂ, ಅಲ್ಲಿ ವಾರಕ್ಕೆ ಎಷ್ಟು ಬಾರಿ, ಯಾವ ಹೊತ್ತಿಗೆ ನೀರು ಬರುತ್ತದೆ ಎಂಬುದನ್ನೂ ಫೋನಿನಲ್ಲಿ ಕೇಳಿ ಒಂದು ಹಾಳೆಯಲ್ಲಿ ಬರೆದು ತನ್ನಿ. ಇಲ್ಲಿ ಸಿಗ್ನಲ್ ಸಿಗದವರು ಶಾಲೆಯ ಹಿಂದಿನ ದಿಬ್ಬ ಹತ್ತಿದರೆ ಸಿಗುತ್ತದೆ.